ಬಾಯಿ ಬಿಡದ ವ್ಯಾನು

ನನ್ನ ಮೊಮ್ಮಗಳನ್ನು ಮನೆಗೆ ಕರೆತರಬೇಕಾಗಿದ್ದ ವ್ಯಾನು ಪಿಯುಸಿಯಲ್ಲಿ ಫೇಲಾಯಿತು. ಗಾಡಿಯ ಹೊಗೆ ಪರೀಕ್ಷೆಗೆ ನಮ್ಮ ನವಿ ಮುಂಬಯಿಯಲ್ಲಿ ಎಲ್ಲರೂ ಪಿಯುಸಿ ಎಂದೇ ಹೇಳುವುದು. ಪೆಟ್ರೋಲ್ ಪಂಪಿನ ಮೂಲೆಯ ಗೂಡಂಗಡಿಯಲ್ಲಿ ಕೂತ ಆಪರೇಟರು ಸೈಲೆನ್ಸರಿನ ಬಾಯಿಗೆ ನಳಿಗೆ ತೂರಿಸಿ, ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದ. ನಾನು ಅವನ ಕೈಗೆ ಪೇಡೆ ಇಟ್ಟೆ.

"ಕಾಕಾ, ಗಾಡಿ ಫೇಲಾಗಿದೆ. ಪೇಡೆ ಯಾಕೆ?" ಎಂದು ಮರಾಠಿಯಲ್ಲಿ ಕೇಳಿದ.

"ಗಾಡಿ ಫೇಲಾದರೆ ಆಗಲಿ ಮಾರಾಯ, ನನ್ನ ಮಗಳು ಪಾಸಾಗಿದ್ದಾಳೆ. ಮೊಮ್ಮಗಳು ಹುಟ್ಟಿದ್ದಾಳೆ ನನಗೆ!"

ಅವನು ನಕ್ಕ. ಪೇಡೆ ಬಾಯಿಗೆ ಹಾಕಿಕೊಂಡು ಹೇಳಿದ. "ವಿಷದ ಗ್ಯಾಸು ಬಹಳ ಇದೆ ಕಾಕಾ. ಮುಂದೆ ಇಂಜಿನ್ ಲೈಟೂ ಉರೀತಾ ಇದೆ. ಮೊದಲು ಸ್ಕ್ಯಾನ್ ಮಾಡಿಸಿ."

ವಿಷದ ಗ್ಯಾಸು ಎಂಬ ಮಾತು ಅವನ ಬಾಯಿಂದ ಆಗಲೇ ಬಂದಿತ್ತು. ನನ್ನ ಕಿವಿಯಲ್ಲಿ ಅದು ನಿಲ್ಲಲಿಲ್ಲ. ಕಿವಿಯ ತುಂಬ ಮೊಮ್ಮಗಳು ತುಂಬಿಕೊಂಡಿದ್ದಳು. ಡೊಂಬಿವಲಿಯ ಆಸ್ಪತ್ರೆಯಲ್ಲಿ ಅವಳನ್ನು ನನ್ನ ಕೈಗೆ ಕೊಟ್ಟಾಗ ಒಂದು ಕಣ್ಣನ್ನು ಮಾತ್ರ ತೆರೆದು, ಇವನು ಯಾರಪ್ಪ ಎನ್ನುವ ಹಾಗೆ ನೋಡಿದ್ದಳು. ಆ ಒಂದು ಕಣ್ಣಿನ ನೋಟದ ಮೇಲೆ ನಾನು ರಬಾಳೆಯ ಗ್ಯಾರೇಜು ಸಾಲಿಗೆಲ್ಲ ಸಿಹಿ ಹಂಚಿದೆ. ನಾನು ಹೆಚ್ಚು ಓದಿದವನಲ್ಲ. ಗಾಡಿಗಳ ವೈರಿಂಗ್ ಕೆಲಸ ಮಾಡುವವನು. ಬರೆದದ್ದರಲ್ಲಿ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ, ಆದರೆ ಓದಿ. ಇದನ್ನು ಹೇಳದೆ ನನಗೆ ಇರಲಾಗುವುದಿಲ್ಲ.

ನಮ್ಮ ಉಡುಪಿ ಕಡೆಯ ಕ್ರಮದಲ್ಲಿ ಚೊಚ್ಚಲ ಬಾಣಂತನ ತಾಯಿಮನೆಯಲ್ಲಿ. ಮಗಳಿಗೆ ದಿನಕ್ಕೆ ಮೊದಲೇ ನೋವು ಬಂದದ್ದರಿಂದ ಹೆರಿಗೆ ಗಂಡನ ಊರಾದ ಡೊಂಬಿವಲಿಯಲ್ಲೇ ಆಗಿಹೋಯಿತು. ಹಾಗಾಗಿ ಬಾಣಂತಿಯನ್ನೂ ಕೂಸನ್ನೂ ಅಲ್ಲಿಂದ ಕೋಪರಖೈರಣೆಯ ನಮ್ಮ ಮನೆಗೆ ತರಬೇಕಿತ್ತು. ಅದು ಶಿಳ್‌ಫಾಟಾದ ದಾರಿ. ಆ ರಸ್ತೆಯಲ್ಲಿ ಟ್ರಕ್ಕುಗಳ ನಡುವೆ ಸಿಕ್ಕಿಕೊಂಡರೆ ಗಾಡಿ ನಿಂತಲ್ಲೇ ನಿಂತು ಇಂಜಿನ್ ಉರಿಸುತ್ತಿರಬೇಕು, ಅಷ್ಟೆ. ವ್ಯಾನು ಅಳಿಯನದು. ಹೋಟೆಲುಗಳಿಗೆ ಸಾಮಾನು ಮುಟ್ಟಿಸುವ ಕೆಲಸ ಅವನದು, ಮನೆಯವರ ಓಡಾಟಕ್ಕೂ ಅದೇ.

ಬೀಗಿತ್ತಿ, ಎಂದರೆ ಅಳಿಯನ ತಾಯಿ, ಮೊದಲೇ ಕಟ್ಟುನಿಟ್ಟು ಮಾಡಿದ್ದರು. ಬಾಣಂತಿಗೆ ಗಾಳಿ ತಾಗಬಾರದು. ಮಳೆಗಾಲ ಬೇರೆ. ವ್ಯಾನಿನ ಗಾಜು ಪೂರ್ತಿ ಏರಿಸಿರಬೇಕು, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ನನ್ನ ಹೆಂಡತಿ ಕಿಟಕಿಗಳಿಗೆ ದಪ್ಪ ಪರದೆ ಹೊಲಿದಳು. ನಾನು ಅವರಿಬ್ಬರನ್ನೂ ಮೀರಿಸಿದೆ. ಬಾಗಿಲುಗಳ ಸುತ್ತಲಿನ ಹಳೆಯ ರಬ್ಬರು ಬಿರುಕು ಬಿಟ್ಟಿತ್ತು, ಎಲ್ಲವನ್ನೂ ಕಿತ್ತು ಹೊಸದು ಕೂರಿಸಿದೆ. ಬಾಗಿಲು ಹಾಕಿದರೆ ಡಬ್ಬಿಯ ಮುಚ್ಚಳದ ಹಾಗೆ ಟಪ್ಪೆಂದು ಕೂರಬೇಕು. ನನ್ನ ಕೂಸಿಗೆ ಕೂದಲೆಳೆಯಷ್ಟು ಗಾಳಿಯೂ ಸೋಕಬಾರದು. ಆ ಕೆಲಸ ಮಾಡುವಾಗ ನಾನು ಹಾಡುತ್ತಿದ್ದೆ.

ಪಂಪಿನಿಂದ ಗಾಡಿಯನ್ನು ಸೀದಾ ರಬಾಳೆಯ ನನ್ನ ಶೆಡ್ಡಿಗೆ ತಂದೆ. ಪಕ್ಕದ ಶೆಡ್ಡಿನ ಮೆಕ್ಯಾನಿಕ್ ವಿಜಯಪುರದ ಕಡೆಯವನು. ಸಾಲಿನಲ್ಲಿ ಸ್ಕ್ಯಾನರ್ ಇಟ್ಟುಕೊಂಡವನು ಅವನೊಬ್ಬನೇ. ಈಗಿನ ಗಾಡಿಗಳಲ್ಲಿ ಸ್ಟೇರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಚುಚ್ಚಿದರೆ ಗಾಡಿಯ ಕಂಪ್ಯೂಟರು ತನಗೆ ಎಲ್ಲಿ ನೋವು ಎಂದು ಹೇಳುತ್ತದೆ. ಅವನು ಬಂದು ಚುಚ್ಚಿದ. ಸ್ಕ್ಯಾನರಿನ ಪರದೆ ಕಪ್ಪಗೇ ಉಳಿಯಿತು. ತೆಗೆದು ಉಜ್ಜಿ ಮತ್ತೆ ಚುಚ್ಚಿದ.

"ಕಾಕಾ, ನಿಮ್ಮ ಗಾಡಿ ಬಾಯಿನ ಬಿಡವಲ್ದು. ಅಳಿಯಾಗ ಅಂಜತೈತೇನ್ರಿ?"

"ಅಳಿಯನಿಗೆ ಯಾರೂ ಅಂಜುವುದಿಲ್ಲ. ನೀನು ಆಚೆ ಸರಿ, ನಾನು ನೋಡ್ತೇನೆ."

ಇದು ನನ್ನ ಕೆಲಸ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಾಡಿಯ ಲೋಹಕ್ಕೆ ಕಚ್ಚಿಸಿ, ಸೂಜಿಯನ್ನು ಸಾಕೆಟ್ಟಿನ ಕೊನೆಯ ಪಿನ್ನಿನ ಜಾಗಕ್ಕೆ ಮುಟ್ಟಿಸಿದೆ. ಚಾವಿ ಹಾಕಿರಲಿ ಬಿಡಲಿ, ಅಲ್ಲಿ ಬ್ಯಾಟರಿಯ ಕರೆಂಟು ಯಾವಾಗಲೂ ಇರಬೇಕು. ಲ್ಯಾಂಪು ಹೊತ್ತಲಿಲ್ಲ. ಬಹಳ ಗಾಡಿಗಳಲ್ಲಿ ಈ ಸಾಕೆಟ್ಟಿಗೂ ಸಿಗರೇಟ್ ಲೈಟರಿಗೂ ಒಂದೇ ಫ್ಯೂಸ್. ಲೈಟರಿನ ತೂತಿಗೆ ಅಗ್ಗದ ಮೊಬೈಲ್ ಚಾರ್ಜರ್ ಚುಚ್ಚಿ ಫ್ಯೂಸ್ ಹಾರಿಸಿಕೊಂಡು ಬರುವವರು ನನಗೆ ದಿನವೂ ಸಿಗುತ್ತಾರೆ. ಅದೇ ಇರಬೇಕೆಂದು ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದೆ. ಸರಿಯಾಗಿತ್ತು. ಉಳಿದವನ್ನೂ ಒಂದೊಂದಾಗಿ ಕಿತ್ತೆ. ಎಲ್ಲವೂ ಸರಿ.

ಹಾಗಾದರೆ ಕರೆಂಟು ಹೊರಡುತ್ತಿದೆ, ಸಾಕೆಟ್ಟಿಗೆ ಮುಟ್ಟುತ್ತಿಲ್ಲ. ನಡುವೆ ಯಾರೋ ಇದ್ದಾರೆ.

ಸ್ಟೇರಿಂಗ್ ಕೆಳಗಿನ ಫಲಕ ಬಿಚ್ಚಿ, ಬೆನ್ನ ಮೇಲೆ ಮಲಗಿ ಒಳಗೆ ತಲೆ ತೂರಿಸಿದೆ. ಸಾಕೆಟ್ಟಿನ ಹಿಂಬದಿಯಲ್ಲಿ ಕರೆಂಟಿನ ಪಿನ್ನನ್ನೇ ಯಾರೋ ಎಳೆದು ತೆಗೆದಿದ್ದರು. ಅದರ ವೈರಿಗೆ ಕೆಂಪು ತೆಳು ವೈರೊಂದನ್ನು ತಿರುಚಿ, ಕಪ್ಪು ಟೇಪು ಸುತ್ತಿ ಮೇಲಕ್ಕೆ ಒಯ್ದಿದ್ದರು. ವೈರಿನ ಹಿಂದೆಯೇ ಕೈ ಹಾಯಿಸುತ್ತಾ ಹೋದೆ. ಡ್ಯಾಶ್‌ಬೋರ್ಡಿನ ಒಳಗಿಂದ ಏರಿ, ಸಣ್ಣ ತೂತಿನಿಂದ ಹೊರಬಂದು ಅದು ನಿಂತದ್ದು ದೇವಿಯ ಪಾದದಲ್ಲಿ.

ಹೆಬ್ಬೆರಳಿನಷ್ಟು ದೇವಿ, ಮುಂದೆ ಹಣತೆಯ ಆಕಾರದ ಕೆಂಪು ಬಲ್ಬು. ಮಗಳು ಬಸುರಿ ಎಂದು ಗೊತ್ತಾದಾಗ ಬೀಗಿತ್ತಿ ಹರಕೆ ಹೊತ್ತು ಹಾಕಿಸಿದ್ದು. ಕೂಸು ಮನೆ ಸೇರುವ ತನಕ ಆ ದೀಪ ಆರಬಾರದು, ಗಾಡಿ ಬಂದ್ ಇದ್ದಾಗಲೂ. ಆಕ್ಸೆಸರಿ ಅಂಗಡಿಯವನು ಹಗಲೂ ರಾತ್ರಿ ಸಾಯದ ಕರೆಂಟು ಎಲ್ಲಿದೆ ಎಂದು ಹುಡುಕಿದ್ದಾನೆ, ಸಾಕೆಟ್ಟಿನಲ್ಲಿ ಸಿಕ್ಕಿದೆ, ಕಿತ್ತು ದೇವಿಗೆ ಕೊಟ್ಟಿದ್ದಾನೆ. ಅಂದಿನಿಂದ ದೀಪ ಉರಿಯುತ್ತಿದೆ, ವ್ಯಾನು ಮೂಗಿಯಾಗಿದೆ.

ನನ್ನ ಕೈ ಅಲ್ಲೇ ನಿಂತಿತು. ಬೀಗಿತ್ತಿಗೆ ಫೋನು ಮಾಡಿದೆ.

"ಎಂತ ಹೇಳ್ತಿದ್ದೀರಿ ಅಣ್ಣ? ದೀಪ ತೆಗೀಲಿಕ್ಕಾ? ಮಗು ನಾಡಿದ್ದು ಬರ್ತದೆ. ಇಷ್ಟು ತಿಂಗಳು ಕಾದು ಈಗ ಆರಿಸ್ಲಿಕ್ಕೆ ನಿಮಗೆ ಕೈ ಹೇಗೆ ಬರ್ತದೆ?"

"ಆರಿಸುವುದಲ್ಲ ಅಕ್ಕ, ಜಾಗ ಬದಲಿಸುವುದು. ನಮ್ಮ ಮನೆಯ ದೇವರ ಮುಂದೆ ಎಣ್ಣೆದೀಪ ಹಚ್ಚಿಸ್ತೇನೆ. ಅದು ಹತ್ತಿದ ಮೇಲೆಯೇ ಇದನ್ನು ತೆಗೆಯುವುದು."

"ನಿಮ್ಮ ಮೊಮ್ಮಗಳೂ ಹೌದಲ್ವಾ. ಏನಾದ್ರೂ ಆದ್ರೆ ನನ್ನನ್ನು ಕೇಳ್ಬೇಡಿ," ಎಂದು ಅವರು ಫೋನು ಇಟ್ಟರು.

ಹೆಂಡತಿಗೆ ಫೋನು ಮಾಡಿದೆ. ಬತ್ತಿ ಹೊಸೆದು ಎಣ್ಣೆ ಹಾಕಿ, ಫೋನನ್ನು ಹಾಗೇ ಹಿಡಿದುಕೊಂಡು ಹಚ್ಚಿದಳು. "ಹತ್ತಿತು. ಈಗ ತೆಗೀರಿ ಮಾರಾಯ್ರೆ, ನನ್ನ ಎದೆ ಡವಡವ ಅಂತದೆ." ನಾನು ಟೇಪು ಬಿಚ್ಚಿದೆ. ದೇವಿಯ ಮುಖದ ಮೇಲಿನ ಕೆಂಪು ಆರಿತು. ಅದೇ ಹೊತ್ತಿಗೆ ಶೆಡ್ಡಿನ ತಗಡಿನ ಮೇಲೆ ಮಳೆ ಧೋ ಎಂದು ಬಿತ್ತು. ಮಳೆಗಾಲದಲ್ಲಿ ಮಳೆ ಬೀಳುವುದು ಹೊಸತಲ್ಲ. ಆದರೂ ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು ಒಮ್ಮೆ ಕೈಮುಗಿದೆ.

ಪಿನ್ನನ್ನು ಅದರ ಜಾಗದಲ್ಲಿ ಕೂರಿಸಿದೆ. ಸ್ಕ್ಯಾನರಿಗೆ ಜೀವ ಬಂತು. ಮೆಕ್ಯಾನಿಕ್ ಗಾಡಿಯ ಹೆಸರು ಆರಿಸಿ ಗುಂಡಿ ಒತ್ತಿದ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ಸಂಪರ್ಕ ಇಲ್ಲ ಎಂದಿತು.

"ಬಾಯಿ ಬಿಟ್ಟೈತಿ ಕಾಕಾ, ನಾಲಿಗಿ ಇಲ್ಲ."

ಮತ್ತೆ ಒಳಗೆ ತಲೆ. ಮೀಟರನ್ನು ಬೀಪ್ ಮಾಡುವ ಕಡೆಗೆ ತಿರುಗಿಸಿ, ಒಂದು ಸೂಜಿಯನ್ನು ಕಂಪ್ಯೂಟರಿನ ತುದಿಗೂ ಇನ್ನೊಂದನ್ನು ಸಾಕೆಟ್ಟಿನ ತುದಿಗೂ ಇಟ್ಟು ಮಾತಿನ ವೈರನ್ನು ಹುಡುಕಿದೆ. ಬೀಪ್ ಬರಲಿಲ್ಲ. ಕಣ್ಣಿಗೆ ವೈರು ನೆಟ್ಟಗಿತ್ತು. ಬೆರಳಲ್ಲಿ ಹಿಡಿದು ಗೇಣುಗೇಣು ಬಾಗಿಸುತ್ತಾ ಬಂದೆ. ಒಂದು ಕಡೆ ಅದು ಹಸಿ ಅಲಸಂಡೆಯ ಹಾಗೆ ಮೆತ್ತಗೆ ಮಡಚಿತು. ಹೊರಗಿನ ಪ್ಲಾಸ್ಟಿಕ್ಕು ಹಾಗೇ ಇದೆ, ಒಳಗಿನ ತಾಮ್ರ ತುಂಡು. ಅಂಗಡಿಯವನು ವೈರುಗಳ ಗೊಂಚಲನ್ನು ಜಗ್ಗಿ ಹೊರಗೆಳೆದಾಗ ಆದದ್ದು. ಹೊರಗಿಂದ ಏನೂ ಕಾಣದ ಇಂಥ ಗಾಯವೇ ನಮ್ಮ ಕೆಲಸದಲ್ಲಿ ಹೆಚ್ಚು ಕಾಡುವುದು. ಸುಲಿದು, ಬೆಸುಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿದೆ. ಈ ಬಾರಿ ವ್ಯಾನು ಮಾತಾಡಿತು.

ಅದು ಹೇಳಿದ್ದು ವಿಚಿತ್ರವಾಗಿತ್ತು. ಇಂಜಿನ್ನಿಗೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂದು.

"ಹಂಗಂದ್ರ ಆಕ್ಸಿಜನ್ ಸೆನ್ಸರ್ ಕೆಟ್ಟೈತಿ," ಎಂದ ಮೆಕ್ಯಾನಿಕ್. ಸೈಲೆನ್ಸರಿನ ಪೈಪಿನಲ್ಲಿ ಕೂತು ಹೊಗೆಯ ರುಚಿ ನೋಡುವ ಪುಟ್ಟ ಸಾಮಾನು ಅದು. ಅದು ಹೇಳಿದ ಹಾಗೆ ಕಂಪ್ಯೂಟರು ಪೆಟ್ರೋಲು ಬಿಡುತ್ತದೆ. ರಿಪೇರಿಗೆ ನಿಂತಿದ್ದ ಇಂಥದೇ ವ್ಯಾನಿನಿಂದ ಒಳ್ಳೆಯ ಸೆನ್ಸರ್ ತೆಗೆದು ಹಾಕಿ, ಕಂಪ್ಯೂಟರಿನಲ್ಲಿ ದಾಖಲಾಗಿದ್ದ ದೋಷದ ಕೋಡು ಅಳಿಸಿದೆವು. ಇಂಜಿನ್ ಲೈಟು ಆರಿತು. ನಾನು ಕುಣಿಯುತ್ತಾ ಪಂಪಿಗೆ ಹೋದೆ. ಮತ್ತೆ ಫೇಲು. ಮರಳಿ ಬರುವಾಗ ಅರ್ಧ ದಾರಿಯಲ್ಲಿ ಲೈಟು ಮತ್ತೆ ಹೊತ್ತಿಕೊಂಡಿತು. ಒದ್ದೆ ರಸ್ತೆಯಲ್ಲಿ ಆ ಹಳದಿ ಬೆಳಕು ನನ್ನನ್ನೇ ನೋಡುತ್ತಿರುವ ಹಾಗಿತ್ತು. ಪಕ್ಕದಲ್ಲಿ ದೇವಿಯ ಮುಂದೆ ಕತ್ತಲೆ.

ಶೆಡ್ಡಿಗೆ ಬರುವಷ್ಟರಲ್ಲಿ ಅಳಿಯನ ಫೋನು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವನು, ಅವನ ಕನ್ನಡಕ್ಕೆ ನಡುನಡುವೆ ಹಿಂದಿ ಬೇಕು.

"ಮಾವ, ಕಾಮ್ ಹೋ ಗಯಾ! ಪಿಯುಸಿ ಸಿಕ್ತು."

"ಗಾಡಿ ನನ್ನ ಹತ್ರ ಉಂಟಲ್ಲ?"

"ಗಾಡಿ ಯಾಕೆ ಬೇಕು? ದೋಸ್ತನ ಸೆಂಟರ್. ನಳಿಗೆ ಅವನ ಗಾಡಿಗೆ ಹಾಕಿದ, ನಂಬರ್ ನಮ್ದು ಹೊಡೆದ. ಪೊಲೀಸ್ ಹಿಡಿದ್ರೆ ಪೇಪರ್ ತೋರಿಸುವುದು. ಟೆನ್ಶನ್ ನಹೀ ಲೇನೇಕಾ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಮಾಧಾನವೇ ಆಯಿತು. ಮೆಕ್ಯಾನಿಕ್ ಕೂಡ ಕೈ ಒರೆಸಿಕೊಂಡ. "ಸಾಕ್ ಬಿಡ್ರಿ ಕಾಕಾ. ಮನಿಗ್ ಹೋಗಿ ತೊಟ್ಟಿಲಾ ಕಟ್ರಿ. ಬಾಣಂತಿ ಮನಿ ಮುಟ್ಲಿ, ಆಮ್ಯಾಲ ಇಂಜಿನ್ ಬಿಚ್ಚೂಣು." ಅವನು ಚಹಾ ಕುಡಿಯಲು ಸಾಲಿನ ತುದಿಗೆ ಹೋದ.

ನಾನೂ ಉಪಕರಣ ಕಟ್ಟತೊಡಗಿದೆ. ಒಂದು ಮಾತು ಮಾತ್ರ ಹಲ್ಲಿನ ಸಂದಿಯ ನಾರಿನ ಹಾಗೆ ಕಾಡಿತು. ಪಂಪಿನ ಯಂತ್ರ ಹೊಗೆ ಕೆಟ್ಟಿದೆ, ಎಂದರೆ ಪೆಟ್ರೋಲು ಹೆಚ್ಚಾಗಿ ಉರಿಯುತ್ತಿದೆ ಎನ್ನುತ್ತದೆ. ವ್ಯಾನಿನ ಕಂಪ್ಯೂಟರು ಪೆಟ್ರೋಲು ಸಾಲದು ಎನ್ನುತ್ತದೆ. ಸುಳ್ಳು ಹೇಳಲು ಯಂತ್ರಗಳಿಗೆ ನಮ್ಮ ಹಾಗೆ ಸಂಸಾರ ಇಲ್ಲ. ಎರಡೂ ಖರೆ ಎಂದಾದರೆ ಆ ಖರೆ ಎಲ್ಲಿದೆ? ಕಾಗದ ಸಿಕ್ಕಿದ್ದರಿಂದ ಗಾಡಿ ಬದಲಾಗಲಿಲ್ಲವಲ್ಲ. ಕಟ್ಟಿದ ಉಪಕರಣವನ್ನು ಮತ್ತೆ ಬಿಚ್ಚಿದೆ. ಈ ಸಣ್ಣ ನಿರ್ಧಾರವನ್ನು ನೆನೆಸಿಕೊಂಡರೆ ಈಗಲೂ ನನ್ನ ಬೆನ್ನು ತಣ್ಣಗಾಗುತ್ತದೆ. ಅಷ್ಟಕ್ಕೇ ಮನೆಗೆ ಹೋಗಿದ್ದರೆ?

ವ್ಯಾನನ್ನು ಶೆಡ್ಡಿನ ಬಾಯಿಯಲ್ಲೇ ನಿಲ್ಲಿಸಿ ಇಂಜಿನ್ ಶುರು ಮಾಡಿದೆ. ಓಡುವ ಇಂಜಿನ್ನಿನ ಅಂಕಿಗಳನ್ನು ಸ್ಕ್ಯಾನರಿನಲ್ಲಿ ನೋಡಬಹುದು. ಮುಂದಿನ ಸೀಟಿನಲ್ಲಿ ಕೂತು ನೋಡತೊಡಗಿದೆ. ಇರಚಲು ಒಳಗೆ ಬಂದು ಸ್ಕ್ಯಾನರ್ ನೆನೆಯುತ್ತಿತ್ತು. ಗಾಜು ಏರಿಸಿ ಬಾಗಿಲು ಎಳೆದುಕೊಂಡೆ. ಹೊಸ ರಬ್ಬರು ಟಪ್ಪೆಂದು ಕೂತಿತು. ಮಳೆಯ ಸದ್ದೇ ನಿಂತುಹೋಯಿತು. ಆಹಾ, ನನ್ನ ಕೆಲಸವೇ ಕೆಲಸ ಎಂದುಕೊಂಡೆ.

ಸೆನ್ಸರು ಗಾಳಿ ಗಾಳಿ ಎನ್ನುತ್ತಿತ್ತು. ಕಂಪ್ಯೂಟರು ಪೆಟ್ರೋಲನ್ನು ಸುರಿದು ಸುರಿದು ಕೊಡುತ್ತಿತ್ತು. ಎಷ್ಟು ಕೊಟ್ಟರೂ ಸೆನ್ಸರಿಗೆ ಸಾಲದು. ನೋಡುತ್ತಾ ನೋಡುತ್ತಾ ನನಗೆ ಮೊಮ್ಮಗಳು ನೆನಪಾದಳು. ಅವಳಿಗೆ ಯಾರ ಹೆಸರು ಇಡುವುದು, ಬೆಳ್ಳಿಯ ಕಾಲ್ಗೆಜ್ಜೆಯನ್ನು ಎಲ್ಲಿ ಮಾಡಿಸುವುದು, ನಡೆಯಲು ಕಲಿತ ಮೇಲೆ ಖಾಡಿಯ, ಎಂದರೆ ಸಮುದ್ರದ ಹಿನ್ನೀರಿನ, ದಂಡೆಗೆ ಕರೆದುಕೊಂಡು ಹೋಗಿ ಕೊಕ್ಕರೆ ತೋರಿಸುವುದು. ತಲೆ ಹಗುರಾಯಿತು. ಆಮೇಲೆ ಹಣೆಯ ಸುತ್ತ ಪಟ್ಟಿ ಬಿಗಿದ ಹಾಗಾಯಿತು. ಸಂತೋಷ ಹೆಚ್ಚಾದರೂ ತಲೆ ತಿರುಗುತ್ತದಂತೆ ಎಂದು ನನಗೆ ನಾನೇ ಹೇಳಿಕೊಂಡದ್ದು ಸರಿಯಾಗಿ ನೆನಪಿದೆ. ಅಂಕಿಗಳು ಒಂದರೊಳಗೊಂದು ಹೋದವು. ನಿದ್ದೆ ಬರುತ್ತಿತ್ತು. ಎಂಥ ಚಂದದ ನಿದ್ದೆ! ಒಂದು ಕಣ್ಣು ತೆರೆದ ಕೂಸು ನನ್ನ ತೊಡೆಯ ಮೇಲೇ ಇತ್ತು.

ಬಾಗಿಲು ತೆರೆದದ್ದು, ಯಾರೋ ತೋಳು ಹಿಡಿದು ಎಳೆದದ್ದು, ಮುಖಕ್ಕೆ ಮಳೆ ಬಡಿದದ್ದು ಇಷ್ಟೇ ನೆನಪು.

"ಕಾಕಾ! ಏ ಕಾಕಾ! ಏನಾತ್ರಿ ನಿಮಗ? ಒಬ್ಬರ ಕುಂತು ನಗಾಕತ್ತೀರಿ, ಕರದ್ರ ಓ ಅನ್ನವಲ್ರಿ!"

ಅವನು ಸ್ಕ್ಯಾನರ್ ಒಯ್ಯಲು ಬಂದಿದ್ದ. ನಾನು ನೆಲದ ಮೇಲೆ ಕೂತು ವಾಂತಿ ಮಾಡಿದೆ. ಅವನು ನನ್ನ ಬೆನ್ನು ತಿಕ್ಕುತ್ತಾ, ಓಡುತ್ತಲೇ ಇದ್ದ ವ್ಯಾನನ್ನು ನೋಡಿದ. ನಾನೂ ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಪಂಪಿನವನು ಹೇಳಿದ್ದ ವಿಷದ ಗ್ಯಾಸು ವ್ಯಾನಿನ ಒಳಗೇ ತುಂಬುತ್ತಿತ್ತು. ಅವನು ಹೋಗಿ ಇಂಜಿನ್ ಬಂದ್ ಮಾಡಿ ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟ. ನನ್ನನ್ನು ರಿಕ್ಷಾದಲ್ಲಿ ಕೂರಿಸಿ ಡಾಕ್ಟರ ಬಳಿ ಒಯ್ದ. ಅಲ್ಲಿ ಆಮ್ಲಜನಕ ಕೊಟ್ಟು, ಸಂಜೆಯವರೆಗೆ ಇಟ್ಟುಕೊಂಡು ಕಳಿಸಿದರು.

ಮರುದಿನ ಬೆಳಗ್ಗೆ ಹೆಂಡತಿ ಬೇಡವೆಂದರೂ ನಾನು ಶೆಡ್ಡಿಗೆ ಹೋದೆ. ಗಾಡಿಯನ್ನು ಬಯಲಿಗೆ ತಳ್ಳಿ ನಿಲ್ಲಿಸಿದೆವು. ಈ ವ್ಯಾನಿನಲ್ಲಿ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿ ಶುರು ಮಾಡಿ, ನಾನು ದೂರ ನಿಂತೆ, ಮೆಕ್ಯಾನಿಕ್ ಊದುಬತ್ತಿ ಹಚ್ಚಿ ಪೈಪಿನ ಉದ್ದಕ್ಕೂ ಹಿಡಿದುಕೊಂಡು ಹೋದ. ಹೊಗೆ ನೆಟ್ಟಗೆ ಏಳುತ್ತಿತ್ತು. ಇಂಜಿನ್ನಿಗೂ ಪೈಪಿಗೂ ಕೂಡುವ ಜಾಗದ ಹತ್ತಿರ ಬಂದಾಗ ಅದು ತುಂಡುತುಂಡಾಗಿ ಹಾರಿತು, ಮರುಕ್ಷಣ ಒಳಗೆ ಎಳೆದುಕೊಂಡಿತು. ಮತ್ತೆ ಹಾರಿತು, ಮತ್ತೆ ಎಳೆದುಕೊಂಡಿತು. ಉಸಿರಾಡುವ ಹಾಗೆ.

ಪೈಪು ಅಲ್ಲಿ ಬಿರುಕು ಬಿಟ್ಟಿತ್ತು. ಎರಡು ಯಂತ್ರಗಳೂ ಖರೆ ಹೇಳಿದ್ದು ಅಲ್ಲಿಯೇ. ಬಿರುಕಿನಿಂದ ಹೊರಗಿನ ಗಾಳಿ ಒಳನುಗ್ಗಿ ಸೆನ್ಸರಿಗೆ ತಾಗುತ್ತದೆ. ಅದು ಗಾಳಿ ಹೆಚ್ಚು ಎಂದು ಕೂಗುತ್ತದೆ. ಕಂಪ್ಯೂಟರು ಬೇಡದ ಪೆಟ್ರೋಲು ಸುರಿಯುತ್ತದೆ. ಅದು ಅರೆಬರೆ ಉರಿದು ವಿಷವಾಗುತ್ತದೆ. ಆ ವಿಷ ಅದೇ ಬಿರುಕಿನಿಂದ ಹೊರಬರುತ್ತದೆ. ಊದುಬತ್ತಿಯನ್ನು ಇನ್ನೂ ಮೇಲಕ್ಕೆ ಒಯ್ದಾಗ ಹೊಗೆ ನೆಲದ ತಗಡಿನ ಒಂದು ತೂತಿನೊಳಗೆ ದಾರದ ಹಾಗೆ ಏರಿತು. ಪೆಟ್ರೋಲಿನ ಬದಲು ಗ್ಯಾಸಿನಲ್ಲೂ ಓಡಿಸಲು ಹಿಂದೆ ಕಿಟ್ ಕೂರಿಸಿದಾಗ ಪೈಪು ತೂರಿಸಲು ಕೊರೆದ ತೂತು, ಸುತ್ತ ಇರಬೇಕಾದ ರಬ್ಬರ್ ಬುಶ್ಶು ಇಲ್ಲ. ತೂತು ಬಾಯಿ ತೆರೆದಿದ್ದದ್ದು ಹಿಂದಿನ ಸೀಟಿನ ಬುಡದಲ್ಲಿ. ಬಾಣಂತಿ ಕೂರುವ ಜಾಗ.

ಅಳಿಯನಿಗೆ ಯಾಕೆ ಏನೂ ಆಗಲಿಲ್ಲ? ಅವನು ಮೊಣಕೈ ಹೊರಗೆ ಚಾಚಿ ಓಡಿಸುವವನು, ಮಳೆಯಲ್ಲೂ ಗಾಜು ಅರ್ಧ ಇಳಿದಿರುತ್ತದೆ. ಆದರೆ ಮಗಳು? ತಪಾಸಣೆಗೆ ಈ ವ್ಯಾನಿನಲ್ಲಿ ಹೋಗಿ ಬಂದಾಗಲೆಲ್ಲ ತಲೆ ಸಿಡಿಯುತ್ತದೆ, ವಾಂತಿ ಬರುತ್ತದೆ ಎನ್ನುತ್ತಿದ್ದಳು. ಬಸುರಿಗೆ ಅದೆಲ್ಲ ಸಹಜ ಎಂದಳು ನನ್ನ ಹೆಂಡತಿ. ಬೀಗಿತ್ತಿಯೂ ಹಾಗೇ ಅಂದರು. ನಾನೂ ತಲೆಯಾಡಿಸಿದೆ. ಊದುಬತ್ತಿಯ ಬೂದಿ ಮೆಕ್ಯಾನಿಕ್‌ನ ಕೈಮೇಲೆ ಉದುರುತ್ತಿತ್ತು, ಅವನಿಗೂ ಗೊತ್ತಾಗಲಿಲ್ಲ.

"ಕಾಕಾ, ಗಾಡಿ ನಾ ನೋಡ್ಕೋತೀನಿ. ನೀವು ಆಸ್ಪತ್ರಿಗೆ ಹೋಗ್ರಿ."

ರಬಾಳೆಯಿಂದ ಠಾಣೆ, ಅಲ್ಲಿಂದ ಡೊಂಬಿವಲಿ. ಲೋಕಲ್ಲಿನ ಬಾಗಿಲಲ್ಲಿ ನಿಂತು ಹೋದೆ. ಅಷ್ಟು ಜನರ ನಡುವೆಯೂ ನನಗೆ ಗಾಳಿ ಬೇಕಿತ್ತು. ಹೊಟ್ಟೆಯೊಳಗಿದ್ದಾಗಲೇ ಕೂಸು ಅದನ್ನು ಕುಡಿದಿದೆ. ಏನಾಗಿರಬಹುದು? ದಿನಕ್ಕೆ ಮೊದಲೇ ನೋವು ಬಂದದ್ದು ಅದಕ್ಕೇ ಇರಬಹುದೇ? ನಿನ್ನೆಯವರೆಗೆ ನನ್ನನ್ನು ಕುಣಿಸಿದ್ದ ಆ ಒಂದು ಕಣ್ಣು ಈಗ ಹೆದರಿಸಿತು. ಇನ್ನೊಂದನ್ನು ಯಾಕೆ ತೆರೆಯಲಿಲ್ಲ ಅವಳು?

ಆಸ್ಪತ್ರೆಯಲ್ಲಿ ಬೀಗಿತ್ತಿ ಮಂಚದ ಪಕ್ಕದಲ್ಲೇ ಇದ್ದರು. ಮಗಳ ಎದುರು ಹೇಳುವುದು ಬೇಡವೆಂದು ಡಾಕ್ಟರಮ್ಮನನ್ನು ಹೊರಗೆ ಕರೆದೆ. ಬೀಗಿತ್ತಿ ಹಿಂದೆಯೇ ಬಂದರು. ನನ್ನ ಹರಕು ಹಿಂದಿಯಲ್ಲಿ ಪೈಪು, ತೂತು, ಗಾಜು, ನನಗೆ ನಿದ್ದೆ ಬಂದದ್ದು ಎಲ್ಲವನ್ನೂ ಹೇಳಿದೆ. ಡಾಕ್ಟರಮ್ಮ ನಡುವೆ ಬಾಯಿ ಹಾಕದೆ ಕೇಳಿದರು. ಒಳಗೆ ಹೋಗಿ ಕೂಸಿನ ಬಟ್ಟೆ ಬಿಚ್ಚಿ, ಕೈಕಾಲು ಎಳೆದು ಬಿಟ್ಟು, ಕಣ್ಣಿಗೆ ಬೆಳಕು ಹಾಕಿ, ಬಹಳ ಹೊತ್ತು ನೋಡಿದರು. ಇನ್ನೂ ಒಂದು ದಿನ ಇಟ್ಟುಕೊಳ್ಳುತ್ತೇನೆ, ಕೆಲವು ಪರೀಕ್ಷೆ ಮಾಡಿಸುತ್ತೇನೆ ಎಂದರು. ಮರುದಿನ ಹೇಳಿದ್ದು ಇಷ್ಟೇ. "ಈಗ ನನಗೆ ತೊಂದರೆ ಏನೂ ಕಾಣುತ್ತಿಲ್ಲ. ಹಾಲು ಚೆನ್ನಾಗಿ ಕುಡಿಯುತ್ತಿದೆ. ತಿಂಗಳು ತಿಂಗಳು ಕರೆದುಕೊಂಡು ಬನ್ನಿ, ನೋಡುತ್ತಾ ಇರೋಣ. ಆದರೆ ಗಾಜು ಏರಿಸಿ ಆ ರಸ್ತೆಯಲ್ಲಿ ನಿಂತಿದ್ದರೆ..."

ಪಡಸಾಲೆಯಲ್ಲಿ ಬೀಗಿತ್ತಿ ಬೆಂಚಿನ ಮೇಲೆ ಕೂತುಬಿಟ್ಟರು.

"ಅಣ್ಣ, ಗಾಜು ಏರಿಸಿ ಅಂತ ಹೇಳಿದ್ದು ನಾನು."

"ರಬ್ಬರು ಹಾಕಿದ್ದು ನಾನು ಅಕ್ಕ."

ನಾನೂ ಅವರ ಪಕ್ಕದಲ್ಲಿ ಕೂತೆ.

ಅಷ್ಟರಲ್ಲಿ ಮೆಕ್ಯಾನಿಕ್ ಒಡೆದ ಪೈಪನ್ನು ಬಿಸಾಡಿ ಬೇರೆ ಕೂರಿಸಿದ್ದ, ಕೂಡುವ ಜಾಗಕ್ಕೆ ಹೊಸ ಪ್ಯಾಕಿಂಗ್ ಹಾಕಿದ್ದ. ನೆಲದ ತೂತನ್ನು ನಾನು ಹೋಗಿ ನನ್ನ ಕೈಯಾರೆ ಮುಚ್ಚಿದೆ. ಸ್ಕ್ಯಾನರ್ ಚುಚ್ಚಿದಾಗ ಅಂಕಿಗಳು ತಣ್ಣಗೆ ಕೂತಿದ್ದವು. ಪಂಪಿನವನು ನಳಿಗೆ ತೂರಿಸಿ, "ಪಾಸ್, ಕಾಕಾ!" ಎಂದ. ಅಳಿಯ ತಂದಿದ್ದ ಕಾಗದವನ್ನು ಅವನ ಕೈಯಲ್ಲೇ ಹರಿಸಿದೆ. ಅವನು ಟೆನ್ಶನ್ ನಹೀ ಎನ್ನಲಿಲ್ಲ. ಮುಖ ಬಾಡಿಹೋಗಿತ್ತು. ಆಮೇಲೆ ಗಾಜು ಏರಿಸಿ, ಇಂಜಿನ್ ಓಡುವಾಗ ನಾನು ಮತ್ತೆ ಒಳಗೆ ಕೂತೆ. ಹೊರಗೆ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ಮೆಕ್ಯಾನಿಕ್ ನಿಂತಿದ್ದ, ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. "ನಗಬ್ಯಾಡ್ರಿ ಕಾಕಾ, ಅಂಜಿಕಿ ಆಕ್ಕೈತಿ," ಎಂದ ಗಾಜಿನಾಚೆಯಿಂದ. ತಲೆ ತಿಳಿಯಾಗಿಯೇ ಇತ್ತು.

ಗಾಡಿ ಸರಿಯಾಯಿತು. ಮನಸ್ಸು ಸರಿಯಾಗಲಿಲ್ಲ. ಹೊರಡುವ ದಿನ ಆಸ್ಪತ್ರೆಯ ಬಾಗಿಲಲ್ಲಿ ನಾನು ವ್ಯಾನಿನ ಪರದೆಗಳನ್ನು ಕಿತ್ತು, ಎಲ್ಲ ಗಾಜುಗಳನ್ನೂ ಇಳಿಸಿದೆ. ಹೆಂಡತಿ ಬಾಯಿ ಮೇಲೆ ಕೈಯಿಟ್ಟಳು.

"ಎಂತ ಮಾರಾಯ್ರೆ, ಹಸಿ ಬಾಣಂತಿ! ನಾಲ್ಕು ಜನ ಏನು ಹೇಳಿಯಾರು?"

"ನಾಲ್ಕು ಜನ ಬೇಕಾದ್ದು ಹೇಳಲಿ. ಗಾಜು ಏರಿಸಿದರೆ ಈ ಗಾಡಿ ಹೊರಡುವುದಿಲ್ಲ."

ಅವಳು ಬೀಗಿತ್ತಿಯ ಮುಖ ನೋಡಿದಳು, ಅವರಾದರೂ ನನಗೆ ಬುದ್ಧಿ ಹೇಳಿಯಾರು ಎಂದು. ಬೀಗಿತ್ತಿ ತಮ್ಮ ಶಾಲು ತೆಗೆದು ನನ್ನ ಮಗಳ ತಲೆಗೆ ಇನ್ನೊಂದು ಸುತ್ತು ಸುತ್ತಿದರು. "ಗಾಳಿ ಬರ್ಲಿ," ಎಂದರು.

ಶಿಳ್‌ಫಾಟಾದಲ್ಲಿ ಸಿಕ್ಕಿಕೊಂಡೆವು. ಮುಂದೆ ಟ್ರಕ್ಕು, ಹಿಂದೆ ಟ್ರಕ್ಕು, ತುಂತುರು ಮಳೆ. ಕೂಸು ಎದ್ದಿತು. ಎದ್ದದ್ದೇ ಅಳತೊಡಗಿತು. ಎಂಥ ಅಳು ಅಂತೀರಿ! ಎರಡು ಕಣ್ಣೂ ಮುಚ್ಚಿ, ಮುಷ್ಟಿ ಬಿಗಿದು, ಮುಖ ಕೆಂಪು ಮಾಡಿಕೊಂಡು, ಟ್ರಕ್ಕಿನ ಹಾರ್ನು ಕೂಡ ಕೇಳದ ಹಾಗೆ. ಮಗಳು ಎದೆಗೆ ಹಿಡಿದಳು, ಹೆಂಡತಿ ಗಿಲಕಿ ಆಡಿಸಿದಳು, ಅಳಿಯ ಹಿಂದೆ ತಿರುಗಿ ಸೀಟಿ ಹಾಕಿದ. ಪಕ್ಕದ ಟ್ರಕ್ಕಿನ ಡ್ರೈವರು ಕೆಳಗೆ ಬಗ್ಗಿ, "ಚಾಚಾ, ಮಗುವನ್ನು ಮಲಗಿಸಿ" ಎಂದು ಹಿಂದಿಯಲ್ಲಿ ಕೂಗಿದ.

"ಇಲ್ಲ ಭಾಯ್, ಮಲಗಿಸುವುದಿಲ್ಲ!" ಎಂದು ನಾನು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದೆ. ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು. "ಅಳಲಿ ಅವಳು. ಮನೆ ಮುಟ್ಟುವ ತನಕ ಅಳಲಿ!"

ಅವಳು ಅಜ್ಜನ ಮಾತು ಮೀರಲಿಲ್ಲ. ಕೋಪರಖೈರಣೆಯ ನಮ್ಮ ಮೆಟ್ಟಿಲು ಹತ್ತುವವರೆಗೂ ಅತ್ತಳು.